ಐಕ್ಯಾನ್‌ನ ಕರಡು ನೀತಿಗೆ ಮಾನವ ಹಕ್ಕುಗಳ ಆಧಾರದಲ್ಲಿ ಅಭಿಪ್ರಾಯ ಬರೆಯುವ ಬಗೆ

ಅಂತರ್ಜಾಲದ ಡೊಮೈನ್ ಹೆಸರುಗಳ, ಅಂದರೆ ಜಾಲತಾಣಗಳ ವಿಳಾಸವಾಗಿ ಬಳಕೆಯಾಗುವ ಹೆಸರುಗಳ, ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್, ಹೊಸ ನೀತಿಯ ಕರಡನ್ನು ಪ್ರಕಟಿಸಿ ಸಾಮಾನ್ಯವಾಗಿ 40 ದಿನಗಳ ಕಾಲ ಸಾರ್ವಜನಿಕರ ಅಭಿಪ್ರಾಯಗಳನ್ನು ಸ್ವೀಕರಿಸುತ್ತದೆ. ಇದಕ್ಕೆ ಯಾವ ಸಂಘದ ಸದಸ್ಯತ್ವವೂ ಬೇಕಿಲ್ಲ. ಕನ್ನಡ ಮತ್ತು ತೆಲುಗು ಅಕ್ಷರಗಳ ಹೋಲಿಕೆಯಿಂದ ಡೊಮೈನ್ ಹೆಸರುಗಳಲ್ಲಿ ಗೊಂದಲವಾಗದಂತೆ ರೂಪಿಸಿದ ನಿಯಮಾವಳಿಯೂ ಇದೇ ದಾರಿಯಲ್ಲಿ ಬಂದದ್ದು.

ಮಾನವ ಹಕ್ಕುಗಳ ಹೆಸರೆತ್ತಿ ಬರೆಯುವವರು ಎಡವುವುದು ಮೊದಲ ಹೆಜ್ಜೆಯಲ್ಲೇ. 1948ರ ಸಾರ್ವತ್ರಿಕ ಘೋಷಣೆಯನ್ನು ಉದ್ಧರಿಸಿ ಅಷ್ಟಕ್ಕೇ ನಿಲ್ಲಿಸುತ್ತಾರೆ. ಐಕ್ಯಾನ್ ಸರ್ಕಾರವಲ್ಲ, 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ಲಾಭರಹಿತ ಸಂಸ್ಥೆ. ಆ ಘೋಷಣೆ ಅದನ್ನು ನೇರವಾಗಿ ಬಂಧಿಸುವುದಿಲ್ಲ, ಅದರದೇ ಬೈಲಾ ಬಂಧಿಸುತ್ತದೆ.

ಆದ್ದರಿಂದ ಮೊದಲು ಬೈಲಾದ 1.2ನೇ ವಿಭಾಗವನ್ನು ತೆರೆಯಿರಿ. ಅಲ್ಲಿನ ಮೂಲ ಮೌಲ್ಯಗಳಲ್ಲಿ ಎಂಟನೆಯದು, ಸಂಸ್ಥೆಯು ತನ್ನ ಕಾರ್ಯವ್ಯಾಪ್ತಿಯೊಳಗೆ, ಅನ್ವಯವಾಗುವ ಕಾನೂನು ಬಯಸುವ ಮಟ್ಟಿಗೆ, ಅಂತರರಾಷ್ಟ್ರೀಯವಾಗಿ ಮಾನ್ಯವಾದ ಮಾನವ ಹಕ್ಕುಗಳನ್ನು ಗೌರವಿಸಬೇಕೆನ್ನುತ್ತದೆ. ಬೇರೆಯವರಿಂದ ಆ ಹಕ್ಕುಗಳ ಪಾಲನೆ ಮಾಡಿಸುವ ಹೊಣೆ ತನ್ನದಲ್ಲವೆಂದೂ ಅಲ್ಲೇ ಬರೆದಿದೆ. ಈ ಮಾತು 2016ರ ಅಕ್ಟೋಬರ್ 1ರಂದು, ಅಮೆರಿಕ ಸರ್ಕಾರದ ಮೇಲುಸ್ತುವಾರಿ ಕೊನೆಗೊಂಡಾಗ, ಬೈಲಾ ಸೇರಿತು. ಆದರೆ ಅದನ್ನು ಹೇಗೆ ಅರ್ಥೈಸಬೇಕೆಂಬ ಚೌಕಟ್ಟಿಗೆ ಆಡಳಿತ ಮಂಡಳಿಯು 2019ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಡುವವರೆಗೆ ಅದಕ್ಕೆ ಬಲವಿರಲಿಲ್ಲ.

ಈ ಅವಧಿಯ ನಡುವೆ ನಡೆದದ್ದೊಂದು ಬರೆಯುವವರಿಗೆ ಒಳ್ಳೆಯ ಪಾಠ. ಅಲ್ಲಿಯವರೆಗೆ ಡೊಮೈನ್ ಕೊಂಡವರ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆ ಮತ್ತು ಇಮೇಲ್‌ಗಳು ಹೂಯಿಸ್ ಎಂಬ ಸಾರ್ವಜನಿಕ ನೋಂದಣಿ ದಾಖಲೆಯಲ್ಲಿ ಯಾರು ಹುಡುಕಿದರೂ ಸಿಗುತ್ತಿದ್ದವು. ಗಂಡನ ಹಿಂಸೆಯಿಂದ ತಪ್ಪಿಸಿಕೊಂಡು ಬಂದು ಸ್ವಂತ ತಾಣ ನಡೆಸುವ ಹೆಂಗಸಿಗೆ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ. ಖಾಸಗಿತನದ ಪರವಾದ ವಾದ ವರ್ಷಗಟ್ಟಲೆ ನಡೆದಿದ್ದರೂ, ಐಕ್ಯಾನ್ ತಾತ್ಕಾಲಿಕ ನಿಯಮ ತಂದು ಆ ವಿವರಗಳಲ್ಲಿ ಬಹುಪಾಲನ್ನು ಮರೆಮಾಡಲು ಅವಕಾಶ ಕೊಟ್ಟದ್ದು 2018ರ ಮೇ 17ರಂದು, ಅಂದರೆ ಭಾರೀ ದಂಡ ವಿಧಿಸಬಲ್ಲ ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನು ಅನ್ವಯವಾಗಲು ಎಂಟು ದಿನ ಉಳಿದಿದ್ದಾಗ. ಬಾಗಿಲು ತೆರೆದದ್ದು ‘ಅನ್ವಯವಾಗುವ ಕಾನೂನು’ ಎಂಬ ಕೀಲಿಯಿಂದ. ನಿಮ್ಮ ಪತ್ರದಲ್ಲಿಯೂ ಆ ಕೀಲಿ ಇರಲಿ.

ಬರೆಯುವಾಗ ಹಕ್ಕಿನಿಂದ ಆರಂಭಿಸದೆ, ಕರಡಿನ ನಿರ್ದಿಷ್ಟ ಕಲಮಿನಿಂದ ಆರಂಭಿಸಿ. ಉದಾಹರಣೆಗೆ ಹೀಗೆ ಬರೆಯಬಹುದು: “ಕರಡಿನ ಇಂತಹ ಕಲಮಿನ ಪ್ರಕಾರ ನೋಂದಣಿದಾರರ ವಿಳಾಸವನ್ನು ಕೇಳಿದ ಯಾವುದೇ ಮೂರನೆಯ ವ್ಯಕ್ತಿಗೆ ಕಾರಣ ಪರಿಶೀಲಿಸದೆ ಕೊಡಬೇಕಾಗುತ್ತದೆ, ಇದು ಖಾಸಗಿತನದ ಹಕ್ಕಿಗೂ ಇಂತಹ ಕಾನೂನಿನ ಇಂತಹ ವಿಧಿಗೂ ವಿರುದ್ಧ, ಆದುದರಿಂದ ‘ಕಾರಣವನ್ನು ಪರಿಶೀಲಿಸಿದ ನಂತರ’ ಎಂಬ ಪದಗಳನ್ನು ಸೇರಿಸಬೇಕು.” ಬದಲಿ ಪದಗಳನ್ನು ನೀವೇ ಬರೆದುಕೊಡುವುದು ಮುಖ್ಯ, ಏಕೆಂದರೆ ಕರಡು ತಿದ್ದುವವರಿಗೆ ಆಕ್ಷೇಪಕ್ಕಿಂತ ವಾಕ್ಯ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೂಲ ಮೌಲ್ಯಗಳಲ್ಲಿ ಯಾವುದೂ ಇನ್ನೊಂದಕ್ಕಿಂತ ಮೇಲಲ್ಲವೆಂದು ಆ ಚೌಕಟ್ಟು ಹೇಳುವುದರಿಂದ, ವಂಚನೆಯ ತಾಣಗಳನ್ನು ಪತ್ತೆಹಚ್ಚುವ ಪೊಲೀಸರ ಅಗತ್ಯವನ್ನೂ ಒಂದೆರಡು ವಾಕ್ಯಗಳಲ್ಲಿ ತೂಗಿ ನೋಡಿ. ಎದುರುವಾದವನ್ನು ಮರೆಮಾಚಿದ ಪತ್ರಕ್ಕೆ ಉತ್ತರ ಹೇಳುವುದು ಸುಲಭ. ಇನ್ನು ತಾಣವೊಂದರ ಬರಹ ಅಥವಾ ಚಿತ್ರದ ಮೇಲಿನ ದೂರನ್ನು ಇಲ್ಲಿಗೆ ತರಲೇಬೇಡಿ. ಒಳಾಂಶವನ್ನು ನಿಯಂತ್ರಿಸುವಂತಿಲ್ಲವೆಂದು ಬೈಲಾವೇ ಐಕ್ಯಾನ್‌ನ ಕೈ ಕಟ್ಟಿದೆ, ಮತ್ತು ಅದು ಹಾಗಿರುವುದೇ ಒಳ್ಳೆಯದೆಂಬುದು ನನ್ನ ಎಣಿಕೆ.

ಅವಧಿ ಮುಗಿದ ಬಳಿಕ ಬಂದ ಅಭಿಪ್ರಾಯಗಳ ಸಾರಾಂಶ ವರದಿ ಪ್ರಕಟವಾಗುತ್ತದೆ. ನಿಮ್ಮ ಅಂಶ ಅದರಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ. ಮುಂದೆ ಮಂಡಳಿಯ ನಿರ್ಧಾರವು ಬೈಲಾಗೆ ವಿರುದ್ಧವಾಗಿ ನಿಮಗೆ ಹಾನಿ ಮಾಡಿದರೆ ಮರುಪರಿಶೀಲನೆ ಕೋರಬಹುದು. ಅದಕ್ಕಿರುವುದು 30 ದಿನಗಳ ಗಡುವು ಮಾತ್ರ. ಆಗ ನಿಮ್ಮ ಹಳೆಯ ಪತ್ರದ ಪ್ರತಿ ಬೇಕಾಗುವುದರಿಂದ ಕಳುಹಿಸಿದ ದಿನಾಂಕದೊಂದಿಗೆ ಅದನ್ನು ತೆಗೆದಿಟ್ಟುಕೊಂಡಿರಿ.