ಅವಸರ ಬಿಟ್ಟ ಮೇಲೆ

ಶಸ್ತ್ರ ಕೆಳಗಿಟ್ಟು ಬಂದವರ ಜೊತೆಗೂ ಆ ಸಂಘರ್ಷದಲ್ಲಿ ನೊಂದ ಊರಿನವರ ಜೊತೆಗೂ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಾ ಬಂದಿದ್ದೇನೆ. ಯಾರ ಗುರುತೂ ಸಿಗದಂತೆ ಇಲ್ಲಿ ವಿವರಗಳನ್ನು ಬದಲಿಸಿದ್ದೇನೆ. ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಮೊದಲ ತಂಡದಲ್ಲಿ ಎಂಟು ಜನ ಗಂಡಸರಿದ್ದರು. ದುಂಡಗೆ ಕೂರಿಸಿ, ಪರಿಚಯ ಮುಗಿದ ಕೂಡಲೇ, "ನಿಮ್ಮನ್ನು ತುಂಬಾ ಕಾಡುವ ಘಟನೆ ಯಾವುದು? ಒಬ್ಬೊಬ್ಬರಾಗಿ ಹೇಳಿ" ಎಂದೆ. ಒಳಗಿರುವುದನ್ನು ಹೊರಹಾಕಿದರೆ ಮನಸ್ಸು ಹಗುರಾಗುತ್ತದೆ ಎಂದು ನಂಬಿದ್ದೆ. ಮೂರನೆಯವರು ಮಾತನಾಡುತ್ತಿದ್ದಾಗ ಒಬ್ಬ ಯುವಕ ಎದ್ದು ಹೊರಗೆ ಹೋದ. ಹಿಂದೆಯೇ ಹೋಗಿ ನೋಡಿದರೆ, ಗೋಡೆಗೆ ಬೆನ್ನು ಒತ್ತಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕರೆದರೂ ಓಗೊಡಲಿಲ್ಲ. ಒಳಗೆ ಇನ್ನೊಬ್ಬರು ಹೇಳುತ್ತಿದ್ದ ಮಾತು ಅವನನ್ನು ತನ್ನ ಹಳೆಯ ಜಾಗಕ್ಕೆ ಎಳೆದುಕೊಂಡು ಹೋಗಿತ್ತು.

ಆಘಾತ ಉಂಡವರನ್ನು ಒತ್ತಾಯಿಸಿ ಮಾತನಾಡಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ನಾನು ಅದನ್ನು ಓದಿದ್ದೆ. ಓದಿದ್ದು ಅರ್ಥವಾದದ್ದು ಆ ಬೆವರಿದ ಅಂಗಿಯನ್ನು ಕಂಡ ದಿನ.

ಈಗ ಮೊದಲ ಭೇಟಿಯಲ್ಲಿ ಹೋರಾಟದ ಸುದ್ದಿಯನ್ನೇ ಎತ್ತುವುದಿಲ್ಲ. ನಿದ್ದೆಯ ಬಗ್ಗೆ ಕೇಳುತ್ತೇನೆ. ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಎದ್ದ ಮೇಲೆ ಏನು ಮಾಡುತ್ತೀರಿ, ದೀಪ ಆರಿಸುತ್ತೀರಾ ಎಂದೆಲ್ಲ. ಭಯವಿದೆ ಎಂದು ಒಪ್ಪಿಕೊಳ್ಳಲು ಜೀವಮಾನವಿಡೀ ನಾಚುವ ಗಂಡಸು ನಿದ್ದೆ ಬರುವುದಿಲ್ಲ ಎನ್ನಲು ನಾಚುವುದಿಲ್ಲ. ಕುಡಿತದ ಸಂಗತಿಯೂ ಅದೇ ಮಾತಿನಲ್ಲಿ ತಾನಾಗಿ ಹೊರಬರುತ್ತದೆ. ಬಂದವರ ಕುರ್ಚಿಯನ್ನು ಗೋಡೆಗೆ ಒರಗಿಸಿ, ಬಾಗಿಲು ಕಾಣುವಂತೆ ಹಾಕುತ್ತೇನೆ. ಹಿಂದಿನಿಂದ ಹೋಗಿ ಯಾರ ಹೆಗಲನ್ನೂ ಮುಟ್ಟುವುದಿಲ್ಲ. ಯಾವ ಮಾತು ನನ್ನಲ್ಲೇ ಉಳಿಯುತ್ತದೆ, ಯಾವುದನ್ನು ಕಾನೂನಿನ ಪ್ರಕಾರ ನಾನು ಮುಚ್ಚಿಡುವಂತಿಲ್ಲ ಎಂಬುದನ್ನೂ ಅಂದೇ ಹೇಳಿಬಿಡುತ್ತೇನೆ. ಇದನ್ನು ಆಮೇಲೆ ಹೇಳುವುದು ಮೋಸ.

ನಿದ್ದೆಗೆಡುವುದಕ್ಕೆ ಯಾವಾಗಲೂ ಹಳೆಯ ನೆನಪೇ ಕಾರಣವಲ್ಲ. ಒಬ್ಬರಿಗೆ ಗುರುತಿನ ಚೀಟಿ ಬಂದಿರಲಿಲ್ಲ. ಯಾರಾದರೂ ತಡೆದು ಕೇಳಿದರೆ ಏನು ತೋರಿಸಲಿ ಎಂಬ ಚಿಂತೆಯಲ್ಲೇ ರಾತ್ರಿ ಕಳೆಯುತ್ತಿದ್ದರು. ಅವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಡುವುದನ್ನು ಬದಿಗಿಟ್ಟು, ಮೂರು ಬಾರಿ ಅವರ ಜೊತೆ ಕಚೇರಿಗೆ ಅಲೆದೆ. ಚೀಟಿ ಕೈಗೆ ಬಂದ ವಾರ ಅವರು ಆರು ಗಂಟೆ ಮಲಗಿದರು. ತುರ್ತು ಪರಿಸ್ಥಿತಿಗಳಲ್ಲಿ ಮಾನಸಿಕ ಆರೋಗ್ಯದ ನೆರವು ಹೇಗಿರಬೇಕೆಂದು 2007ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪಿರಮಿಡ್ಡಿನಲ್ಲಿ ಸುರಕ್ಷತೆ ಮತ್ತು ಮೂಲ ಸೌಕರ್ಯಗಳು ತಳದಲ್ಲಿವೆ, ತಜ್ಞರ ಚಿಕಿತ್ಸೆ ತುದಿಯಲ್ಲಿದೆ. ನನ್ನ ಅನುಭವವೂ ಅದನ್ನೇ ಹೇಳುತ್ತದೆ.

ಹೊರಗೆ ಎದ್ದುಹೋದ ಆ ಯುವಕ ತಿಂಗಳುಗಳ ನಂತರ ಒಬ್ಬನೇ ಬಂದ. ನಿದ್ದೆ ಒಂದು ಹದಕ್ಕೆ ಬಂದ ಮೇಲೆ, ಅವನು ಒಪ್ಪಿದ ಮೇಲೆ, ಹಗ್ಗದ ಕೆಲಸಕ್ಕೆ ಕುಳಿತೆವು. ಇದು ಬದುಕಿನ ಕಥೆಯನ್ನು ಕ್ರಮವಾಗಿ ಹೇಳಿಸುವ ಚಿಕಿತ್ಸೆಯ ಮೊದಲ ಹೆಜ್ಜೆ. ಹುಟ್ಟಿನಿಂದ ಇಂದಿನವರೆಗಿನ ಬಾಳು ನೆಲದ ಮೇಲೆ ಹಾಸಿದ ಒಂದು ಹಗ್ಗ. ಒಳ್ಳೆಯ ದಿನಕ್ಕೆ ಹೂವು, ಆಘಾತಕ್ಕೆ ಕಲ್ಲು, ತಾನೇ ಮಾಡಿದ ಹಿಂಸೆಗೆ ಕಡ್ಡಿ. ಅವನು ಕಲ್ಲುಗಳನ್ನು ಬೇಗ ಬೇಗ ಇಟ್ಟ. ಹದಿನಾಲ್ಕನೆಯ ವಯಸ್ಸಿನ ಜಾಗದಲ್ಲಿ ಕಲ್ಲಿಟ್ಟು, ಅದರ ಮೇಲೆಯೇ ಹೂವನ್ನೂ ಇಟ್ಟ. ಅವನ ಕೈಗೆ ಬಂದೂಕು ಕೊಟ್ಟ ದಿನ ಅದು. ಅಂದೇ ಮೊದಲ ಬಾರಿಗೆ ಯಾರೋ ಅವನನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಕಡ್ಡಿಗಳು ಮಾತ್ರ ಕೊನೆಯವರೆಗೂ ಮುಷ್ಟಿಯಲ್ಲೇ ಉಳಿದವು.

ನಾನು ಮತ್ತೆ ಅವಸರಪಟ್ಟೆ. ಮಕ್ಕಳಾಗಿದ್ದಾಗ ಸಶಸ್ತ್ರ ಗುಂಪುಗಳಿಗೆ ಸೇರಿಸಿಕೊಳ್ಳಲ್ಪಟ್ಟವರನ್ನು ಮೊದಲು ಬಲಿಪಶುಗಳೆಂದೇ ಕಾಣಬೇಕು ಎಂದು, ಅಂಥ ಮಕ್ಕಳ ಬಗ್ಗೆ 2007ರಲ್ಲಿ ಬಂದ ಪ್ಯಾರಿಸ್ ತತ್ವಗಳೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದು ಸರಿಯಾದ ಮಾತು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು, "ಅದು ನಿಮ್ಮ ತಪ್ಪಲ್ಲ, ಆಗ ನೀವು ಮಗು" ಎಂದೆ. ಅವನ ಮುಖ ಗಡುಸಾಯಿತು. "ಅಕ್ಕಾ, ಎಲ್ಲವೂ ನಾನು ಮಗುವಾಗಿದ್ದಾಗಲೇ ನಡೆಯಲಿಲ್ಲ. ಇಡುವ ಮೊದಲೇ ಕಡ್ಡಿ ಕಸಿದುಕೊಳ್ಳಬೇಡಿ" ಎಂದ. ಸುಮ್ಮನಾದೆ. ಅಂದು ಒಂದನ್ನೂ ಇಡದೆ ಹೋದ. ಮುಂದಿನ ವಾರ ಎರಡು ಇಟ್ಟ. ಮೂರನೆಯದಕ್ಕೆ ಮತ್ತೂ ಐದು ವಾರ ಬೇಕಾಯಿತು. ಅಪರಾಧಪ್ರಜ್ಞೆಯನ್ನು ನಾವು ಹೊರಗಿನಿಂದ ಒರೆಸಲು ಹೋದರೆ, ಆ ಮನುಷ್ಯ ಅದರ ಜೊತೆ ಇನ್ನಷ್ಟು ಒಂಟಿಯಾಗುತ್ತಾನೆ.

ಇಷ್ಟರಲ್ಲಿ ಊರಿನ ಹೆಂಗಸರು ಬಂದು, "ಬಂದೂಕು ಹಿಡಿದವರಿಗೆ ತರಬೇತಿ, ಸಹಾಯಧನ, ಸಮಾಧಾನದ ಮಾತು. ನಮ್ಮನ್ನು ಕೇಳುವವರು ಯಾರು?" ಎಂದರು. ಅವರ ಕೋಪ ನ್ಯಾಯವಾದದ್ದು. ಸಂಘರ್ಷದ ಪ್ರದೇಶಗಳಲ್ಲಿ ಬದುಕುವವರಲ್ಲಿ ಐದಕ್ಕೆ ಒಬ್ಬರಿಗಿಂತ ಹೆಚ್ಚು ಜನ ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜು. ಹಾಗಿದ್ದೂ ನಾವು ಒಂದು ಗುಂಪಿಗಷ್ಟೇ ಬಾಗಿಲು ತೆರೆದಿದ್ದೆವು. ಅವರಿಗೂ ಬೇರೆ ದಿನ, ಬೇರೆ ಕೋಣೆಯಲ್ಲಿ ಸಭೆ ಶುರು ಮಾಡಿದೆ. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುವ ಆತುರಕ್ಕೆ ಬೀಳಲಿಲ್ಲ.

ಹಣ ಕೊಟ್ಟವರು ವರ್ಷದ ಕೊನೆಗೆ ಒಂದು ಸಮನ್ವಯ ಸಮಾರಂಭ ಬೇಕೆಂದರು. ವೇದಿಕೆಯ ಮೇಲೆ ಕೈಕುಲುಕುವ ಫೋಟೋ ಅವರ ವರದಿಗೆ ಬೇಕಿತ್ತು. ನಾನು ಒಪ್ಪಲಿಲ್ಲ. ನೊಂದವರ ಕ್ಷಮೆಗೆ ದಿನಾಂಕ ಗೊತ್ತುಮಾಡುವ ಹಕ್ಕು ನಮಗಿಲ್ಲ ಎಂದು ಈಗಲೂ ಅನ್ನುತ್ತೇನೆ.

ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಊರಿನ ಹೆಂಗಸರ ಸಭೆಗೆ ಒಂದು ದಿನವೂ ತಪ್ಪಿಸದೆ ಬರುತ್ತಿದ್ದರು. ಒಂದು ದಿನ ಎಲ್ಲರೂ ಎದ್ದುಹೋದ ಮೇಲೆ ಚಾಪೆ ಸುತ್ತುತ್ತಾ, ಶಸ್ತ್ರ ಕೆಳಗಿಟ್ಟು ಬಂದವನೊಬ್ಬನ ಬಗ್ಗೆ ಹೇಳಿದರು: "ಅವನನ್ನು ನಾನು ಕ್ಷಮಿಸಿಲ್ಲ. ಆದರೆ ನಿನ್ನೆ ನೀರಿನ ಸರದಿಯಲ್ಲಿ ನನ್ನ ಹಿಂದೆಯೇ ನಿಂತಿದ್ದ. ಕೊಡ ತುಂಬುವವರೆಗೂ ನಿಂತೇ ಇದ್ದೆ, ಓಡಿಹೋಗಲಿಲ್ಲ." ಆ ದಿನದ ಟಿಪ್ಪಣಿಯಲ್ಲಿ ಅವರ ಮಾತನ್ನು ಹಾಗೆಯೇ ಬರೆದುಕೊಂಡೆ.