ಸಾಹೇಬ್ರಿಗೂ ಕಾನೂನು ಐತೇನ್ರಿ?

ಕಾನೂನು ಅರಿವು ಕಾರ್ಯಕ್ರಮವೆಂದರೆ ನಮ್ಮ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಹೆಚ್ಚಾಗಿ ಒಂದೇ ನಮೂನೆ. ಶಾಮಿಯಾನ, ಗಿಡಕ್ಕೆ ನೀರೆರೆದು ಉದ್ಘಾಟನೆ, ವೇದಿಕೆ ತುಂಬ ಗಣ್ಯರು, ಆಮೇಲೆ ಶಿಕ್ಷೆಗಳ ಪಟ್ಟಿ: ಹೆಲ್ಮೆಟ್ ಇಲ್ಲದಿದ್ದರೆ ಇಷ್ಟು ದಂಡ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಕೇಸಾದರೆ ಇಷ್ಟು ವರ್ಷ ಜೈಲು. ಕೇಳಿದ ಪಿಯುಸಿ, ಡಿಗ್ರಿ ಹುಡುಗರು ಕಾನೂನೆಂದರೆ ಪೊಲೀಸರು ಎಂದುಕೊಂಡು ಎದ್ದುಹೋಗುತ್ತಾರೆ. ವಕೀಲಿಕೆಯ ಜೊತೆಗೆ ಕಾನೂನು ಸೇವಾ ಸಮಿತಿಯ ಕೆಲಸವನ್ನೂ ಮಾಡುವ ನಾನು ಈ ಕ್ರಮವನ್ನು ತಿರುವುಮುರುವು ಮಾಡಿದೆ. ಹುಡುಗರಿಗೆ ಅಂಕೆ ಹಾಕುವ ಕಾನೂನು ಆಮೇಲೆ, ಅವರ ಮೇಲಿರುವವರಿಗೆ ಅಂಕೆ ಹಾಕುವ ಕಾನೂನು ಮೊದಲು.

ಕೂಡುವ ಜಾಗ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ. ಮೈಕಿಲ್ಲ, ಹಾರವಿಲ್ಲ. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕಿತ್ತು. ಎಲ್ಲರೂ ಅಲೆದು ಸುಸ್ತಾಗಿದ್ದರು. ಅಲ್ಲಿಂದಲೇ ಶುರು ಮಾಡಿದೆವು. ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಕೇಳಿ, ಅದರ ಮೇಲಿನ ಸಕಾಲ ಸಂಖ್ಯೆ ಬರೆದಿಟ್ಟುಕೊಳ್ಳಿ ಎಂದೆ. ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆಯಂತೆ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರರಿಗೆ ಸಲ್ಲಬೇಕು. ತಡ ಮಾಡಿದ ಅಧಿಕಾರಿಯಿಂದ ಅದನ್ನು ವಸೂಲು ಮಾಡುತ್ತಾರೆ. ಇದನ್ನು ಕೇಳಿ ಒಬ್ಬ ಹುಡುಗ, "ಅಕ್ಕಾರ, ಸಾಹೇಬ್ರಿಗೂ ದಂಡ ಬೀಳ್ತೈತೇನ್ರಿ?" ಅಂದ. ಅವತ್ತಿನವರೆಗೆ ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವನು ಅವನು. ಸಂವಿಧಾನದ 14ನೇ ವಿಧಿಯನ್ನು ಆಗ ಓದಿಸಿದೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಮಾತು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದವರಿಗೇ ಹೊಸದಾಗಿ ಕೇಳಿಸಿತು.

ಮುಂದಿನದು ಮಾಹಿತಿ ಹಕ್ಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿತ್ತು. ರಿಪೇರಿಗೆ ಎಷ್ಟು ಖರ್ಚು ಹಾಕಿದ್ದಾರೆ, ಬಿಲ್ಲಿನ ಪ್ರತಿ ಕೊಡಿ ಎಂದು ಹುಡುಗಿಯರೇ ಅರ್ಜಿ ಬರೆದರು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಸಿಟ್ಟನ್ನೆಲ್ಲ ತೆಗೆದು ಪ್ರಶ್ನೆ ಮಾತ್ರ ಉಳಿಸುವುದೇ ದೊಡ್ಡ ಕೆಲಸವಾಯಿತು. 30 ದಿನ ಕಳೆದರೂ ಉತ್ತರ ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿಸಿದೆ, ಬಿಲ್ಲಿನ ಪ್ರತಿ ಬಂತು. ಅದನ್ನು ಗ್ರಾಮಸಭೆಯಲ್ಲಿ ಎದ್ದು ಓದಿದವಳು ಪಿಯುಸಿ ಹುಡುಗಿ. ಜಗಳದ ಸೇಡಿಗೆ ಮಾತ್ರ ಇಂಥ ಅರ್ಜಿ ಬರೆಯಲು ನಾನು ಕೂಡುವುದಿಲ್ಲ. ಅದನ್ನು ಮೊದಲೇ ಹೇಳಿರುತ್ತೇನೆ.

ಎಲ್ಲಕ್ಕಿಂತ ಬಿಸಿಯಾದ ಚರ್ಚೆ ಮರಕುಂಬಿಯದು. ಗಂಗಾವತಿ ತಾಲೂಕಿನ ಆ ಊರಿನಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ದಾಳಿಯಾಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ನಮ್ಮ ಗುಂಪಿನಲ್ಲಿ ಎಲ್ಲ ಓಣಿಯ ಮಕ್ಕಳೂ ಇದ್ದಾರೆ. "ಮ್ಯಾಲಿನ ಕೋರ್ಟು ಬಿಟ್ಟಬಿಡ್ತಲ್ರಿ" ಎಂದು ಒಬ್ಬ, "ಅಷ್ಟೂ ಮಂದಿಗೆ ಒಂದ ಶಿಕ್ಷೆ ಹೆಂಗ್ರಿ" ಎಂದು ಇನ್ನೊಬ್ಬ. ಎರಡನ್ನೂ ಬೋರ್ಡಿನ ಮೇಲೆ ಬರೆಸಿದೆ. ಜಾಮೀನು ಎಂದರೆ ಖುಲಾಸೆಯಲ್ಲ, ಮೇಲ್ಮನವಿ ತೀರ್ಮಾನವಾಗುವ ತನಕ ಶಿಕ್ಷೆ ಅಮಾನತು. ಒಂದೇ ಅಕ್ರಮ ಉದ್ದೇಶಕ್ಕೆ ಗುಂಪು ಕಟ್ಟಿಕೊಂಡು ಹೋದಾಗ ಆ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಗುಂಪಿನವರೆಲ್ಲ ಹೊಣೆ. ದಾಳಿಯಾದಾಗ ಜಾರಿಯಲ್ಲಿದ್ದ ಐಪಿಸಿಯ (ಭಾರತೀಯ ದಂಡ ಸಂಹಿತೆಯ) 149ನೇ ಸೆಕ್ಷನ್ ಹೇಳುತ್ತಿದ್ದುದು ಇದನ್ನೇ, 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಮಾತಿದೆ. ಗೆಳೆಯ ಕರೆದ ಎಂದು ಗುಂಪಿನಲ್ಲಿ ಓಡುವ ವಯಸ್ಸಿನವರಿಗೆ ಇದಕ್ಕಿಂತ ಮುಖ್ಯವಾದ ಪಾಠ ನನಗೆ ಕಾಣಲಿಲ್ಲ. ತೀರ್ಪಿಗೆ ಹತ್ತು ವರ್ಷ ಹಿಡಿದದ್ದಕ್ಕೆ ಮಾತ್ರ ನನ್ನ ಹತ್ತಿರ ಸಮರ್ಥನೆಯಿಲ್ಲ, ಹಾಗಂತಲೇ ಹೇಳಿದೆ. ವ್ಯವಸ್ಥೆಯ ಹುಳುಕು ಮುಚ್ಚಿಟ್ಟು ನಂಬಿಕೆ ಬೆಳೆಸಲು ಬರುವುದಿಲ್ಲ.

ಹಿರಿಯರನ್ನು ಸೇರಿಸಿಕೊಳ್ಳಲು ಬೇರೆ ದಾರಿ ಬೇಕಾಯಿತು. "ಊರಾಗಿನ ನ್ಯಾಯ ಊರಾಗ ಮುಗೀಬೇಕು, ಕೋರ್ಟಿಗೆ ಹಚ್ಚಿಕೊಡಾಕ ಬಂದೀ ಏನವ್ವ?" ಎಂದು ಕಟ್ಟೆಯ ಮೇಲೆ ಕೇಳಿದರು. ನಾನು ವಾದಕ್ಕಿಳಿಯಲಿಲ್ಲ. ಪಾಲು, ಬದುವಿನ ತಂಟೆ ನೀವೇ ಬಗೆಹರಿಸಿ, ಆಮೇಲೆ ಲೋಕ ಅದಾಲತ್‌ಗೆ ತನ್ನಿ. ಅಲ್ಲಾದ ರಾಜಿಗೆ ಕೋರ್ಟ್ ಡಿಕ್ರಿಯ ಬೆಲೆ, ಅದರ ಮೇಲೆ ಅಪೀಲಿಲ್ಲ, ಕೋರ್ಟಿನಲ್ಲಿದ್ದ ಕೇಸಾದರೆ ಕಟ್ಟಿದ ಶುಲ್ಕವೂ ವಾಪಸ್ ಎಂದೆ. ಅತ್ಯಾಚಾರ, ಜಾತಿ ದೌರ್ಜನ್ಯ, ಬಾಲ್ಯವಿವಾಹಕ್ಕೆ ಮಾತ್ರ ಕಟ್ಟೆಯಲ್ಲಿ ರಾಜಿಯಿಲ್ಲ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಮುಚ್ಚಿಟ್ಟರೆ ಪೋಕ್ಸೊದಲ್ಲಿ ಅದೇ ಅಪರಾಧ ಎಂದೂ ಬಿಡಿಸಿ ಹೇಳಿದೆ. ಯಾವುದು ತಮ್ಮ ಕೈಯಲ್ಲಿದೆ ಎಂದು ಗೊತ್ತಾದ ಮೇಲೆ ಯಾವುದು ಇಲ್ಲ ಎಂಬುದನ್ನೂ ಅವರು ಕೇಳಿಸಿಕೊಂಡರು.

ಒಂದು ದಿನ ಎಲ್ಲರೂ ಹೋದ ಮೇಲೆ ಹುಡುಗಿಯೊಬ್ಬಳು ನಿಂತು, ಮಕ್ಕಳ ಸಹಾಯವಾಣಿಯ ಬಗ್ಗೆ, "1098ಕ್ಕ ಫೋನ್ ಮಾಡಿದ್ರ ನಮ್ಮ ಹೆಸರು ಹೊರಗ ಬರ್ತೈತೇನ್ರಿ ಅಕ್ಕಾರ?" ಎಂದು ಕೇಳಿದಳು. ಅಂದಿನಿಂದ ಹುಡುಗಿಯರನ್ನು ಬೇರೆಯಾಗಿಯೂ ಕೂಡಿಸುತ್ತೇನೆ. ಹೆಸರು ಹೇಳದೆಯೂ ಕರೆ ಮಾಡಬಹುದು, ಕರ್ನಾಟಕದ ತಿದ್ದುಪಡಿಯ ನಂತರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು, ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಅದಕ್ಕೆ ನಂಬರ್ 15100: ಹುಡುಗಿಯರ ಆ ಕೂಟದಲ್ಲಿ ಅರ್ಜಿ ಬರೆಯುವುದಕ್ಕಿಂತ ಮೊದಲು ಹೇಳುವುದು ಇಷ್ಟನ್ನು.