ಕೊಪ್ಪಳದಾಗ ಕುಂತು ನ್ಯೂ ಹ್ಯಾಂಪ್‌ಶೈರ್ ಪ್ರೈಮರಿ ರಿಸಲ್ಟ್ ನೋಡೋದು ಹೆಂಗ

ಮೊದ್ಲ ಟೈಮ್ ಹೇಳಿಬಿಡ್ತೀನಿ, ಯಾಕಂದ್ರ ನಾ ಬೇಸ್ತು ಬಿದ್ದಿದ್ದು ಅಲ್ಲೇ. 2020ರಾಗ ಅಮೆರಿಕಾದ್ದು ಅಂದ್ರ ನಡುರಾತ್ರಿನ ನೋಡ್ಬೇಕು ಅನ್ಕೊಂಡು ಒಂದಕ್ಕ ಅಲಾರಾಂ ಇಟ್ಟು ಎದ್ದು ಮೂರರ ತನಕ ಮೊಬೈಲ್ ಹಿಡ್ಕೊಂಡು ಕುಂತೆ, ಒಂದ್ ನಂಬರ್ ಬರ್ಲಿಲ್ಲ. ಎಲ್ಲಿಂದ ಬರ್ತೈತಿ, ಅಲ್ಲಿ ಆಗ ಇನ್ನೂ ಮಧ್ಯಾಹ್ನ, ಜನ ಓಟ್ ಹಾಕಾಕತ್ತಿದ್ರು. ಚಳಿಗಾಲದಾಗ ಅಮೆರಿಕಾದ ಈ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಗಡಿಯಾರ ನಮ್ಕಿಂತ ಹತ್ತೂವರೆ ತಾಸು ಹಿಂದ. ಬಾಳ ಕಡೆ ಬೂತು ಸಂಜಿ 7ಕ್ಕ ಮುಚ್ತಾವ, ಕೆಲವು 8ಕ್ಕ, ಅಂದ್ರ ನಮ್ಗ ಮರುದಿನ ಬೆಳಿಗ್ಗೆ 5.30, 6.30. ಆರಾಮ್ ಮಲ್ಕೊಂಡೆದ್ದು ಚಾ ಕಾಸ್ಕೊಂಡು ಕುಂದ್ರಿ.

ಈ ಪ್ರೈಮರಿ ಅನ್ನೋದು ಪ್ರೆಸಿಡೆಂಟ್ ಇಲೆಕ್ಷನ್ ಅಲ್ಲ ಅನ್ನೋದು ತಲ್ಯಾಗ ಇರ್ಲಿ. ನಮ್ ಕಾಕಾ 2024ರ ಜನವರ್ಯಾಗ ಮಿರ್ಚಿ ಒಗ್ಗರಣಿ ತಿನ್ನಕೋತ "ಟ್ರಂಪ್ ಗೆದ್ದನಂತಲ್ಲೋ, ಆತಲ್ಲ ಇನ್ನ" ಅಂದಿದ್ದ. ಎಲ್ಲಿ ಆಗ್ತೈತಿ ಕಾಕಾ, ಅದು ಬಿ ಫಾರಂ ಯಾರಿಗೆ ಅನ್ನೋದಕ್ಕ ಹಾಕೋ ಓಟು. ನಮ್ಮಲ್ಲಿ ಟಿಕೆಟ್‌ಗೆ ಬೆಂಗಳೂರು, ದಿಲ್ಲಿ ಅಂತ ಅಡ್ಡಾಡ್ತಾರ, ಅಲ್ಲಿ ಒಂದೊಂದು ರಾಜ್ಯದ ಜನ ಓಟ್ ಹಾಕಿ ಟಿಕೆಟ್ ಯಾರಿಗೆ ಅಂತ ಆರಿಸೋ ಪಾರ್ಟಿ ಸಮಾವೇಶಕ್ಕ ಡೆಲಿಗೇಟ್, ಅಂದ್ರ ಪ್ರತಿನಿಧಿಗಳನ್ನ ಕಳಿಸ್ತಾರ. 2024ರಾಗ ರಿಪಬ್ಲಿಕನ್ ಟಿಕೆಟ್‌ಗೆ 2429ರಾಗ 1215 ಡೆಲಿಗೇಟ್ ಬೇಕಿತ್ತು, ನ್ಯೂ ಹ್ಯಾಂಪ್‌ಶೈರ್ ಪಾಲು ಬರೇ 22.

ಅಷ್ಟಕ್ಕ ಯಾಕಿಷ್ಟು ಗದ್ದಲ ಅಂದ್ರ ಮೊದಲನೇ ಪ್ರೈಮರಿ ನಮ್ದೇ ಇರ್ಬೇಕು, ಬ್ಯಾರೆ ಯಾವ ರಾಜ್ಯದ್ದಕ್ಕಿಂತ್ಲೂ ಕಮ್ಮಿ ಅಂದ್ರ ಏಳು ದಿನ ಮುಂಚೆ ಇರ್ಬೇಕು ಅಂತ ಅವ್ರು ಕಾನೂನೇ ಮಾಡಿಟ್ಕೊಂಡಾರ. ರಾಜ್ಯ ಎಷ್ಟ್ ದೊಡ್ಡದು ಅಂತೀರಿ? 2020ರ ಸೆನ್ಸಸ್‌ನಾಗ 13.77 ಲಕ್ಷ ಜನ, ನಮ್ ಕೊಪ್ಪಳ ಜಿಲ್ಲೆ 2011ರಾಗೇ 13.9 ಲಕ್ಷ. ಅವ್ರ ದೊಡ್ಡ ಊರು ಮ್ಯಾಂಚೆಸ್ಟರ್ ಹೆಚ್ಚುಕಮ್ಮಿ ನಮ್ ಗಂಗಾವತಿ ಅಷ್ಟ. ಆದ್ರ ನಮ್ ಜಿಲ್ಲೆಗೆ ಐದು ಎಂಎಲ್ಎ, ಅವ್ರ ಕೆಳಮನೆಗೇ 400 ಮಂದಿ! 1999ರಾಗ ಸೋನಿಯಾ, ಸುಷ್ಮಾ ಬಳ್ಳಾರಿಗೆ ಬಂದಾಗ ದೇಶದ ಕ್ಯಾಮೆರಾ ಎಲ್ಲಾ ಅಲ್ಲೇ ನಿಂತಿದ್ವಲ್ಲ, ಇವ್ರಿಗೆ ನಾಕು ವರ್ಷಕ್ಕೊಮ್ಮೆ ಅದೇ ಜಾತ್ರಿ.

ಈಗ ಅಸಲಿ ವಿಷಯ, ಯಾರು ಓಟ್ ಹಾಕ್ಯಾರ ಅನ್ನೋದು. ಅಲ್ಲಿ ಓಟರ್ ಲಿಸ್ಟ್‌ನಾಗೇ ರಿಪಬ್ಲಿಕನ್, ಡೆಮಾಕ್ರಟಿಕ್ ಅಂತ ಬರ್ಸಿರ್ತಾರ, ಅವ್ರಿಗೆ ಅವ್ರ ಪಾರ್ಟಿ ಓಟಿನ ಚೀಟಿ ಅಷ್ಟ. ಯಾವ ಪಾರ್ಟಿನೂ ಬರ್ಸದವ್ರು ಹತ್ತರಾಗ ಸುಮಾರು ನಾಕು ಮಂದಿ ಅದಾರ, ಅವ್ರು ಅವತ್ತು ಬೂತಿಗೆ ಹೋಗಿ ಯಾವ್ದಾದ್ರೂ ಒಂದು ಪಾರ್ಟಿ ಚೀಟಿ ಕೇಳಿ ಓಟ್ ಹಾಕಿ, ಹೊರಗ ಬರೋ ಮುಂದ ಒಂದು ಫಾರಂ ತುಂಬಿದ್ರ ಮತ್ತ ಪಾರ್ಟಿ ಇಲ್ದವ್ರು. ನಮ್ಮೂರಾಗ ಹಿಂಗ ಮಾಡಿದ್ರ ಎರಡೂ ಕಡೆಯವ್ರು ಮನಿಗೆ ಬರ್ತಿದ್ರು ಬಿಡ್ರಿ. ಇದನ್ನ ಬಿಟ್ಟು ಬರೇ ಪರ್ಸೆಂಟ್ ನೋಡಿದ್ರ ದಿಕ್ಕು ತಪ್ತೀರಿ. 2024ರ ಜನವರಿ 23ಕ್ಕ ಟ್ರಂಪ್‌ಗೆ 54, ಅದೇ ರಿಪಬ್ಲಿಕನ್ ಟಿಕೆಟ್‌ಗೆ ಎದುರು ನಿಂತಿದ್ದ ನಿಕ್ಕಿ ಹೇಲಿಗೆ 43 ಪರ್ಸೆಂಟ್, ನೋಡಿದ್ರ ಹೇಲಿ ಟಕ್ಕರ್ ಕೊಟ್ಟಂಗ ಕಾಣ್ತೈತಿ, ಆದ್ರ ಎಕ್ಸಿಟ್ ಪೋಲ್‌ನಾಗ ರಿಪಬ್ಲಿಕನ್ ಅಂತ ಹೇಳ್ಕೊಂಡ ನಾಕು ಮಂದ್ಯಾಗ ಸುಮಾರು ಮೂರು ಮಂದಿ ಟ್ರಂಪ್ ಕಡೆ, ಹೇಲಿಗೆ ಬಂದಿದ್ದು ಹೆಚ್ಚಾಗಿ ಹೊರಗಿನ ಓಟು. ಹೊರಗಿನವ್ರನ್ನ ಒಳಗ ಬಿಡದ ರಾಜ್ಯದಾಗ ಆಕಿ ಗತಿ ಏನು ಅಂತ ಅವತ್ತೇ ಗೊತ್ತಾಗ್ತಿತ್ತು. ಮಾರ್ಚ್ 6ಕ್ಕ ಹಿಂದ ಸರಿದ್ರು.

ಇನ್ನೊಂದು, ಗೆದ್ದವ್ರೇ ಸೋತಂಗ ಆಗೋದೂ ಐತಿ. 1968ರಾಗ ಪ್ರೆಸಿಡೆಂಟ್ ಜಾನ್ಸನ್‌ಗೆ 49, ಅವ್ರದೇ ಪಾರ್ಟ್ಯಾಗ ಎದುರು ನಿಂತಿದ್ದ, ಯಾರೂ ಲೆಕ್ಕಕ್ಕ ಇಡದಿದ್ದ ಮೆಕಾರ್ಥಿಗೆ 42 ಪರ್ಸೆಂಟ್. ವಿಯೆಟ್ನಾಂ ಯುದ್ಧದ ಸಿಟ್ಟು ಅದು. ಕುರ್ಚಿ ಮ್ಯಾಲ ಕುಂತವ್ರಿಗೆ ಸ್ವಂತ ಪಾರ್ಟ್ಯಾಗೇ ಇಷ್ಟ ಏನು ಅಂತ ಜನ ಮಾತಾಡಿದ್ರು, ಅದೇ ವರ್ಷ ಮಾರ್ಚ್ 31ಕ್ಕ ಜಾನ್ಸನ್ ನಾ ನಿಂದ್ರಂಗಿಲ್ಲ ಅಂದ್ಬಿಟ್ರು. ಅದಕ್ಕ ರಿಸಲ್ಟ್ ಮೊದ್ಲ ಯಾರಿಂದ ಎಷ್ಟು ನಿರೀಕ್ಷೆ ಇತ್ತು ಅಂತ ಒಂದ್ ಚೀಟ್ಯಾಗ ಬರ್ದಿಟ್ಕೊಳ್ರಿ.

ಬೆಳಿಗ್ಗೆ ಕುಂತಾಗ ಮೊದ್ಲ ಡಿಕ್ಸ್‌ವಿಲ್ ನಾಚ್ ಅಂತ ಒಂದು ಪುಟ್ಟ ಊರಿನ ಹೆಸರು ಬರ್ತೈತಿ, ಬೆರಳೆಣಿಕಿ ಜನ, ಅಲ್ಲಿ ರಾತ್ರಿ 12ಕ್ಕೇ ಓಟ್ ಹಾಕಿ ಎಣಿಸಿಬಿಡ್ತಾರ. 2024ರಾಗ ಅಲ್ಲಿನ ಆರಕ್ಕ ಆರೂ ಹೇಲಿಗೆ. ಮಜಾ ತಗೊಳ್ರಿ, ಲೆಕ್ಕಕ್ಕ ಹಿಡೀಬ್ಯಾಡ್ರಿ. ಓಟೆಲ್ಲಾ ಪೇಪರ್ ಚೀಟಿ, ಲಿಸ್ಟ್‌ನಾಗ ಇಲ್ಲದ ಹೆಸರು ಕೈಲೆ ಬರ್ಯೋಕೂ ಜಾಗ ಇರ್ತೈತಿ. ಆ ವರ್ಷ ಡೆಮಾಕ್ರಟಿಕ್ ಪಾರ್ಟಿ ಸೌತ್ ಕೆರೊಲಿನಾ ರಾಜ್ಯದ ಪ್ರೈಮರಿನೇ ಮೊದ್ಲ ಅಂತ ಹಠ ಹಿಡಿದು, ಬೈಡನ್ ಹೆಸರೇ ಚೀಟ್ಯಾಗ ಇರ್ಲಿಲ್ಲ, ಜನ ಬರ್ದೇ ಗೆಲ್ಸಿದ್ರು. ಬರ್ದಿದ್ದನ್ನ ಕುಂತು ಓದಿ ಎಣಿಸ್ಬೇಕು, ನಂಬರ್ ನಿಧಾನ ಬಂದ್ರ ಗಾಬರಿ ಆಗ್ಬ್ಯಾಡ್ರಿ.

ಕೆಳಗಿನವ್ರನ್ನೂ ನೋಡ್ರಿ. 2020ರಾಗ ಬೈಡನ್ ಇಲ್ಲಿ ಐದನೇ ನಂಬರು, 8 ಪರ್ಸೆಂಟ್ ಚಿಲ್ಲರೆ, ಒಂದೂ ಡೆಲಿಗೇಟ್ ಇಲ್ಲ, ಎಣಿಕಿ ಮುಗಿಯೋದ್ರಾಗೇ ಗಂಟುಮೂಟಿ ಕಟ್ಕೊಂಡು ಸೌತ್ ಕೆರೊಲಿನಾಕ್ಕ ಹೋಗಿದ್ರು, ಅಲ್ಲಿ ಹತ್ರಹತ್ರ ಅರ್ಧ ಓಟು ಬಾಚ್ಕೊಂಡ್ರು. ಆ ರಾಜ್ಯದ್ದು ಶನಿವಾರ ಓಟು, ಬೂತು 7ಕ್ಕ ಮುಚ್ತಾವ, ಅಂದ್ರ ನಮ್ಗ ಐತ್ವಾರ ಬೆಳಿಗ್ಗೆ 5.30.